ಒಂದು ಇಂಚು ಐದು ನೂಲು

“ಹನ್ನೊಂದು ವರ್ಷ ವಿಮಾನ ಕಟ್ಟಿದ, ಹೊರಟಿದ್ದು ಮಾತ್ರ ವ್ಯಾನಲ್ಲಿ!” ಎಂದಳು ನಾದಿನಿ, ಮೂಗು ಒರೆಸಿಕೊಳ್ಳುತ್ತ.

“ಅತ್ತೆ, ಮೆಲ್ಲಗೆ,” ಎಂದಳು ದರ್ಜಿಯ ಮಗಳು.

“ಯಾಕೆ ಮೆಲ್ಲಗೆ? ನಮ್ಮಣ್ಣನಿಗೆ ಕೇಳ್ಸಿದ್ರೆ ಎದ್ದು ಬಂದು ಜಗಳ ಆಡ್ಲಿ. ನನಗಿಂತ ಖುಷಿಪಡೋರು ಯಾರಿದಾರೆ?”

ತೀರಿಕೊಂಡ ದರ್ಜಿಯನ್ನು ಅವನು ಬಟ್ಟೆ ಕತ್ತರಿಸುತ್ತಿದ್ದ ಮೇಜಿನ ಮೇಲೆಯೇ ಮಲಗಿಸಿದ್ದರು. ಅವನ ಉದ್ದಕ್ಕೆ ಸಾಲುವಂಥ ಮೇಜು ಮನೆಯಲ್ಲಿ ಅದೊಂದೇ. ಹೊದಿಕೆಯ ಸುಕ್ಕು ತೆಗೆಯಲು ಹೋದ ನಾದಿನಿ ಮೇಜಿನ ಅಂಚನ್ನು ಒಮ್ಮೆ ಅಲುಗಿಸಿ ನೋಡಿದಳು.

“ಮೊದಲು ಇದು ಮುಟ್ಟಿದ್ರೆ ಸಾಕು, ಗಡಗಡ ಅಂತಿತ್ತಲ್ಲ ಅತ್ತಿಗೆ? ಈಗ ಬಂಡೆ ಥರ ನಿಂತಿದೆ.”

“ಹೋದ ವರ್ಷ ಏನೋ ರಿಪೇರಿ ಮಾಡಿದ್ರು,” ಎಂದಳು ದರ್ಜಿಯ ಹೆಂಡತಿ. ಅವಳ ಕಿವಿ ಬಾಗಿಲ ಕಡೆಗಿತ್ತು.

ಬಾಗಿಲಲ್ಲಿ ಬೀದಿಯವರು ನಿಂತಿದ್ದರು. ಅವರ ಬಾಯಲ್ಲಿ ದರ್ಜಿಯ ಹೆಸರು ‘ಪೈಲಟ್ಟು’. ಒಂದು ದಿನವೂ ವಿಮಾನ ಹತ್ತಿದವನಲ್ಲ, ಆದರೂ ಅಂಗಡಿ ಮುಂದೆ ಹಾದುಹೋಗುವವರೆಲ್ಲ, “ಪೈಲಟ್ಟು, ನನ್ನ ಪ್ಯಾಂಟು ಯಾವಾಗ ಲ್ಯಾಂಡ್ ಆಗತ್ತೆ?” ಎಂದು ಕೇಳಿ ನಕ್ಕವರೇ. ಈಗ ಅದೇ ಜನ ಟೋಪಿ ಕೈಯಲ್ಲಿ ಹಿಡಿದು, ಮಾತಿಗೆ ತಡಕಾಡುತ್ತಿದ್ದರು. ಅವರ ನಡುವೆ ಹಾರಾಟ ಕಲಿಸುವ, ದರ್ಜಿಯ ಕೆಲಸ ನೋಡಿ ಸಹಿ ಹಾಕುತ್ತಿದ್ದ ಮೇಷ್ಟ್ರೂ ಇದ್ದರು.

“ಭಾನುವಾರ ವಿಮಾನ ಹಾರಿಸೋಣ ಅಂತಿದೀವಿ,” ಎಂದು ಮೇಷ್ಟ್ರು ಯಾರಿಗೋ ಹೇಳುತ್ತಿದ್ದರು. “ಅವನ ಆಸೆಯೂ ಅದೇ ಇತ್ತು. ಮಗಳೇ ಹಾರಿಸ್ತಾಳೆ. ನಾನೇ ಕಲಿಸಿದ ಕೈ, ಚಿಂತೆ ಇಲ್ಲ.”

ಹೆಂಡತಿಯ ಕೈಯಲ್ಲಿದ್ದ ನೀರಿನ ಲೋಟ ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು.

*

ದರ್ಜಿಯ ಕಣ್ಣು ಮಂಜಾಗತೊಡಗಿ ಎರಡು ವರ್ಷವಾಗಿತ್ತು. ಮೊದಲು ಸೂಜಿಗೆ ದಾರ ಪೋಣಿಸುವ ಕೆಲಸ ಹೆಂಡತಿಯ ಪಾಲಿಗೆ ಬಂತು. ಆಮೇಲೆ ಬೋಲ್ಟು ಆರಿಸುವುದೂ ಬಂತು. ವಿಮಾನದ ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಬಂದಿದ್ದವು; ಬೋಲ್ಟುಗಳೆಲ್ಲ ಚಿಕ್ಕ ಚಿಕ್ಕ ಚೀಲಗಳಲ್ಲಿ, ಚೀಲಕ್ಕೊಂದು ನಂಬರಿನ ಚೀಟಿ.

“ಚೀಟಿ ನಂಬ್ಬೇಡ,” ಎಂದು ಅವನು ಮೊದಲ ದಿನವೇ ಹೇಳಿದ್ದ. “ಒಂದೊಂದನ್ನೂ ಅಳಿ. ತಲೆ ಬಿಟ್ಟು, ಅದರ ಕೆಳಗಿಂದ ತುದಿವರೆಗೆ.”

“ತಲೆ ಯಾಕೆ ಬಿಡ್ಬೇಕು?”

“ಪ್ಯಾಂಟಿನ ಉದ್ದ ತಗೊಳ್ಳುವಾಗ ಗಿರಾಕಿ ತಲೆ ಸೇರಿಸ್ತೀವೇನೆ?”

ಇಂಚಿಗೆ ಎಂಟು ನೂಲು. ಆ ಲೆಕ್ಕ ಗಂಡ ಹೆಂಡಿರಿಬ್ಬರಿಗೂ ಬಾಯಿಪಾಠ. ಅವನು ತೂತಿನ ಆಳ ನೋಡಿ ಅಳತೆ ಕೂಗುತ್ತಿದ್ದ, ಅವಳು ಹುಡುಕಿ ತರುತ್ತಿದ್ದಳು. ಬಿಗಿದ ಮೇಲೆ ಅವನು ನಟ್ಟಿನಾಚೆ ಹೆಬ್ಬೆರಳು ಇಟ್ಟು ನೋಡುವನು. “ಬೋಲ್ಟು ಒಂದು ಸುತ್ತಾದ್ರೂ ಆಚೆ ಇಣುಕ್ಬೇಕು. ಒಳಗೇ ಉಳಿದ್ರೆ ಗಂಟು ಹಾಕದ ಗುಂಡಿ ಇದ್ದ ಹಾಗೆ, ಯಾವತ್ತು ಉದುರತ್ತೋ ಹೇಳಕ್ಕಾಗಲ್ಲ.” ಸರಿಯಿದ್ದರೆ ನಟ್ಟಿನಿಂದ ಬೋಲ್ಟಿನ ತುದಿಗೆ ಕೆಂಪು ಬಣ್ಣದ ಒಂದು ಗೀಟು. ಗೀಟು ಬಿದ್ದರೆ ಆ ಬೋಲ್ಟಿನ ಮಾತು ಮುಗಿಯಿತು.

ಹೋದ ವರ್ಷ ಒಂದು ದಿನ ಒಲೆಯ ಮೇಲೆ ಹಾಲಿತ್ತು. ಶೆಡ್ಡಿನಿಂದ ಕೂಗಿದ: “ಎಡ ರೆಕ್ಕೆಗೆ ಎಂಟು ಬೇಕು. ಒಂದು ಇಂಚು ಐದು ನೂಲು!”

ಎಂಟಕ್ಕೆ ಐದು ಸೇರಿದರೆ ಹದಿಮೂರು. ಹದಿಮೂರರ ಚೀಟಿಯಿದ್ದ ಚೀಲ ಕೈಗೆದುರೇ ಇತ್ತು. ಅವಳು ಎಂಟು ಎಣಿಸಿ ತಂದು ಅವನ ಅಂಗೈಗೆ ಸುರಿದಳು.

“ಅಳೆದ್ಯಾ?”

“ಅಳೆದೆ ರೀ,” ಎಂದು ಹಾಲಿನ ಕಡೆ ಓಡಿದಳು. ಅವತ್ತು ಕತ್ತಲಾಗುವವರೆಗೂ ಅವನು ಶೆಡ್ಡಿನಲ್ಲೇ ಇದ್ದ. ಅವಳು ಆ ವಿಷಯ ಮರೆತೂ ಬಿಟ್ಟಳು.

ನೆನಪಾದದ್ದು ಕಳೆದ ವಾರ, ಆಸ್ಪತ್ರೆಯ ಪಡಸಾಲೆಯಲ್ಲಿ. ಮಗಳು ಫೋನಿನಲ್ಲಿ ಬೋಲ್ಟಿನ ಅಂಗಡಿಯವನಿಗೆ ವಿವರಿಸುತ್ತಿದ್ದಳು: “ಚೀಟಿ ನಂಬರಲ್ಲಿ ಏಳಾದ್ಮೇಲೆ ಹತ್ತು ರೀ. ಎಂಟು, ಒಂಬತ್ತು ಇಲ್ವೇ ಇಲ್ಲ. ಮೊದಲ ಅಂಕಿ ಇಂಚು, ಎರಡನೇದು ನೂಲು. ಹದಿಮೂರು ಅಂದ್ರೆ ಒಂದು ಇಂಚು ಮೂರು ನೂಲು.”

ಫ್ಲಾಸ್ಕು ಹಿಡಿದು ನಿಂತಿದ್ದ ತಾಯಿ ಮನಸ್ಸಿನಲ್ಲೇ ಕಳೆದು ನೋಡಿದಳು. ಎರಡು ನೂಲು ಗಿಡ್ಡ. ಎಂಟಕ್ಕೆ ಎಂಟೂ ಗಿಡ್ಡ. ಒಳಗೆ ಹೋದರೆ ಗಂಡನ ಮೂಗು ಬಾಯಿಗೆ ಮಾಸ್ಕು ಹಾಕಿದ್ದರು. ಕೇಳುವ ಹಾಗಿರಲಿಲ್ಲ.

*

“ಮೇಷ್ಟ್ರೇ, ಸ್ವಲ್ಪ ಶೆಡ್ಡಿಗೆ ಬನ್ನಿ,” ಎಂದಳು ಅವಳು, ಲೋಟ ಕೆಳಗಿಟ್ಟು. “ನೀನೂ ಬಾರೇ.”

“ಈಗಲೇನಮ್ಮ? ವ್ಯಾನು ಬಂದು ನಿಂತಿದೆ,” ಎಂದಳು ಮಗಳು.

“ನಿಂತಿರ್ಲಿ.”

“ಅತ್ತಿಗೆ! ಹೆಣ ಮುಂದಿಟ್ಕೊಂಡು ಎಲ್ಲಿಗೆ ಹೊರಟ್ರಿ? ಜನ ಏನಂದ್ಕೋತಾರೆ?”

“ಪೈಲಟ್ಟಿನ ಹೆಂಡ್ತಿಗೆ ತಲೆ ಕೆಟ್ಟಿದೆ ಅಂದ್ಕೋತಾರೆ. ಅವರಿಗೆ ಹೊಸದಲ್ಲ.”

ಶೆಡ್ಡಿನಲ್ಲಿ ವಿಮಾನ ಹಳದಿ ಬಣ್ಣ ಬಳಿದುಕೊಂಡು ನಿಂತಿತ್ತು. ಅದರ ಮೂಗಿನ ಮೇಲೆ ದರ್ಜಿಯ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ಅವಳು ಎಡ ರೆಕ್ಕೆಯ ಬುಡಕ್ಕೆ ಹೋಗಿ ನಿಂತಳು.

“ಇಲ್ಲಿರೋ ಎಂಟು ಬೋಲ್ಟು ಗಿಡ್ಡ. ಇವಳು ಇದನ್ನ ಹಾರಿಸೋ ಹಾಗಿಲ್ಲ. ತಂದುಕೊಟ್ಟೋಳು ನಾನು. ಅಳೆದೆ ಅಂದೆ. ಅಳೆದಿರಲಿಲ್ಲ.”

ಮಗಳು ತಾಯಿಯ ಮುಖವನ್ನೇ ನೋಡಿದಳು. ಮೇಷ್ಟ್ರು ರೆಕ್ಕೆ ಬುಡದ ಮುಚ್ಚಳದ ತಿರುಪು ಬಿಚ್ಚಿ, ಒಳಗೆ ಟಾರ್ಚು ಹಾಕಿದರು.

ಎಂಟು ನಟ್ಟುಗಳು ಸಾಲಾಗಿ ಕೂತಿದ್ದವು. ಎಂಟಕ್ಕೂ ಕೆಂಪು ಗೀಟಿತ್ತು. ಒಂದೊಂದರಾಚೆಯೂ ಬೋಲ್ಟು ಒಂದೂವರೆ ಸುತ್ತು ಇಣುಕುತ್ತಿತ್ತು.

“ಗಿಡ್ಡ ಎಲ್ಲಿದೆಯಮ್ಮ?” ಎಂದರು ಮೇಷ್ಟ್ರು.

ಅವಳು ಕೈ ತೂರಿಸಿ ಒಂದೊಂದನ್ನೂ ಮುಟ್ಟಿದಳು. ಮತ್ತೆ ಮೊದಲಿಂದ ಮುಟ್ಟಿದಳು. ಅಷ್ಟರಲ್ಲಿ ಮೇಷ್ಟ್ರು ಮೊಳೆಗೆ ನೇತುಹಾಕಿದ್ದ ಕೆಲಸದ ಪುಸ್ತಕ ತೆಗೆದು ಹಾಳೆ ತಿರುವಿದರು.

“ಓಹೋ, ಇದಾ? ನನಗೆ ನೆನಪಿದೆ. ಕೇಳಿ: ‘ಎಡ ರೆಕ್ಕೆ. ನಿನ್ನೆ ಹಾಕಿದ ಎಂಟು ಬಿಚ್ಚಿ, ಬೇರೆ ಎಂಟು ಹಾಕಿದೆ. ಕಣ್ಣು ಸರಿಯಿಲ್ಲ, ತಪ್ಪಾಗಿ ಅಳೆದೆ.’ ಕೆಳಗೆ ನನ್ನ ಸಹಿ. ಅವತ್ತು ಚೆನ್ನಾಗಿ ಉಗಿದೆ ಅವನಿಗೆ. ಕಣ್ಣು ಕಾಣದಿದ್ರೆ ಹೊಲಿಗೆ ಹಾಕ್ಕೊಂಡು ಮನೇಲಿರು ಅಂದೆ. ನಗ್ತಾ ನಿಂತಿದ್ದ, ಆಸಾಮಿ.”

“ಅಪ್ಪ ಅಳೆದಿದ್ದಲ್ಲ,” ಎಂದಳು ಮಗಳು.

“ಅಲ್ಲ,” ಎಂದಳು ತಾಯಿ. ಆ ದಿನದ ನಂತರವೂ ಅವನು ಪ್ರತಿ ಸಲ ಕೇಳುತ್ತಿದ್ದ, ಅಳೆದ್ಯಾ ಎಂದು. ಅಳೆದೆ ಎಂದರೆ ತಲೆಯಾಡಿಸುತ್ತಿದ್ದ. ಆಮೇಲೆ ತಾನೂ ಬೋಲ್ಟನ್ನು ಟೇಪಿನ ಮೇಲಿಟ್ಟು ಬೆರಳಾಡಿಸುತ್ತಿದ್ದ. ವಯಸ್ಸಾಯಿತು, ಚಾಳಿ ಬಂದಿದೆ ಎಂದು ಅವಳು ನಕ್ಕಿದ್ದಳು.

“ಬಿಚ್ಚಿದವು ಏನಾದ್ವು ಮೇಷ್ಟ್ರೇ?”

“ಅವನ್ನ ಮತ್ತೆ ವಿಮಾನಕ್ಕೆ ಹಾಕ್ಬೇಡ ಅಂದಿದ್ದೆ. ಎಸೆಯೋ ಜಾಯಮಾನ ಅಲ್ಲ ಅವನದು. ಎಲ್ಲೋ ಉಪಯೋಗಿಸಿರ್ತಾನೆ, ಬಿಡಿ.”

“ಅಮ್ಮ, ಹಾಗಾದ್ರೆ ಭಾನುವಾರ…?”

“ಶನಿವಾರ ನನ್ನ ಜೊತೆ ಶೆಡ್ಡಿಗೆ ಬಾ. ನಾನು ತಂದುಕೊಟ್ಟಿದ್ದನ್ನೆಲ್ಲ ಇನ್ನೊಂದ್ಸಲ ನೋಡ್ಬೇಕು. ಒಂದೂ ಬಿಡದ ಹಾಗೆ. ಆಮೇಲೆ ಹಾರಿಸು.”

ಹೊರಗಿನಿಂದ ನಾದಿನಿಯ ಕೂಗು ಬಂತು. “ವ್ಯಾನಿನವನು ಮೂರು ಸಲ ಹಾರನ್ ಹೊಡೆದ! ಬರ್ತೀರೋ, ಇಲ್ಲ ನಾನೇ ಕರ್ಕೊಂಡು ಹೋಗ್ಲೋ?”

“ಬಂದೆ ಕಣೇ,” ಎಂದಳು ಹೆಂಡತಿ.

ನಾಲ್ವರು ದರ್ಜಿಯನ್ನು ಎತ್ತಿಕೊಂಡರು. ನಡುಮನೆ ಕಿರಿದು, ಮೇಜು ದಾರಿಗೆ ಅಡ್ಡ. ಬೀದಿಯವರಿಬ್ಬರು ಅದನ್ನು ಮಗ್ಗುಲಿಗೆ ಉರುಳಿಸಿ, ಕಾಲುಗಳು ಈಚೆ ಬರುವಂತೆ ಗೋಡೆಗೆ ಒರಗಿಸಿದರು. ಎಲ್ಲರೂ ಹೊರಗೆ ನಡೆದರು.

ಅವಳು ಹಿಂದೆ ಉಳಿದಳು. ಕಾಲಿಗೆ ಎರಡರಂತೆ ಎಂಟು ನಟ್ಟು. ಎಂಟಕ್ಕೂ ಕೆಂಪು ಗೀಟು.

ಬಗ್ಗಿ ಮೊದಲನೆಯದರ ಮೇಲೆ ಹೆಬ್ಬೆರಳು ಇಟ್ಟಳು. ಸರಿಯಾಗಿ ಒಂದು ಸುತ್ತು ಆಚೆ ಇಣುಕುತ್ತಿತ್ತು. ಎರಡನೆಯದನ್ನು ಮುಟ್ಟಿದಳು. ಹೊರಗೆ ವ್ಯಾನಿನ ಬಾಗಿಲು ಹಾಕಿದ ಸದ್ದು ಕೇಳಿಸಿದಾಗ ಬೆರಳು ಐದನೆಯದರ ಮೇಲಿತ್ತು.