ಒಂದೂವರೆ ಲೀಟರ್ ಹಾಲಿನ ಪಾಲು

ದರ್ಜಿಯ ಮನೆಯಲ್ಲಿ ಬೆಳಗಾಗುತ್ತಿದ್ದುದು ಕತ್ತರಿಯ ಸದ್ದಿನಿಂದ. ಏಳೂವರೆ ಮೀಟರ್ ಬಟ್ಟೆ, ಅಂಗಿಯೊಂದಕ್ಕೆ ಒಂದೂಕಾಲು ಎಂದರೆ ಸಾಕು, ಮುದುಕ ದರ್ಜಿ ರೆಪ್ಪೆ ಬಡಿಯುವಷ್ಟರಲ್ಲಿ "ಆರು" ಎನ್ನುತ್ತಿದ್ದ. ಎಲ್ಲವನ್ನೂ ಕಾಲು ಕಾಲು ಮಾಡಿಕೋ, ಮೂವತ್ತು ಕಾಲಿನಲ್ಲಿ ಐದೈದು ತೆಗೆ ಎಂದು ಇಬ್ಬರು ಗಂಡುಮಕ್ಕಳಿಗೂ ಕಲಿಸಿದ್ದ.

ಅಡುಗೆಮನೆಯ ಲೆಕ್ಕವೇ ಬೇರೆ. ದಿನಕ್ಕೆ ಒಂದೂವರೆ ಲೀಟರ್ ಹಾಲು. ಅರ್ಧ ಲೀಟರ್ ಹಿಡಿಯುವ ಲೋಟ ಮೂರು. ದರ್ಜಿಗೊಂದು, ದೊಡ್ಡ ಮಗನಿಗೊಂದು, ಚಿಕ್ಕವನಿಗೊಂದು. ಆಮೇಲೆ ಪಾತ್ರೆಯಲ್ಲಿ ಕೆನೆಯ ಗುರುತಷ್ಟೇ. ಅನ್ನವೂ ಕಾಳೂ ಹಾಗೆಯೇ. ಗಂಡಸರು ಎದ್ದ ಮೇಲೆ ಹೆಂಗಸರು ಕೂರಬೇಕು, ತಳದಲ್ಲಿ ಇದ್ದದ್ದೇ ಅವರ ಪಾಲು. ಅದು ಮನೆತನದ ರೀತಿ. ಕೊಡುವವನು ಮೇಲಿನವನೊಬ್ಬನೇ, ಬಡಿಸುವ ಕೈ ಮಾತ್ರ ಮುಖ ನೋಡಿ ಅಳೆಯುತ್ತದೆ.

ದೊಡ್ಡ ಮಗನ ಹೆಂಡತಿ ಬಸುರಿ. ಮೊದಲ ಮಗು ಏಳನೇ ತಿಂಗಳಲ್ಲೇ ಹುಟ್ಟಿ, ಒಂದು ಸಲ ಅತ್ತು ಸುಮ್ಮನಾಗಿತ್ತು. ಮನೆಯವರು ಅದನ್ನು ವಿಧಿ ಎಂದು ಕರೆದು ಕೈ ತೊಳೆದುಕೊಂಡಿದ್ದರು. ಈ ಸಲ ಆರನೇ ತಿಂಗಳಲ್ಲಿ ಅವಳು ಗುಂಡಿ ಹೊಲಿಯುತ್ತಿದ್ದಂತೆಯೇ ಕುಸಿದು ಬಿದ್ದಾಗ ದಾದಿಯನ್ನು ಕರೆಸಿದರು. ದಾದಿ ಅವಳ ಕೆಳರೆಪ್ಪೆ ಎಳೆದು ನೋಡಿದಳು. ಒಳಗೆಲ್ಲ ಕಾಗದದ ಬಿಳುಪು.

"ಮೈಯಲ್ಲಿ ರಕ್ತವೇ ಇಲ್ವಲ್ಲಮ್ಮಾ. ಹಾಲು ಕುಡೀತಾಳಾ?"

ಅತ್ತೆ ಸೆರಗಿಗೆ ಕೈ ಒರೆಸಿಕೊಂಡಳು. "ಉಳಿದ್ರೆ ಕುಡೀತಾಳೆ."

"ಉಳಿಯುತ್ತಾ?"

"ನಾನು ಐದು ಹೆತ್ತೆ. ನನಗೆ ಯಾರು ಲೋಟ ಹಿಡ್ಕೊಂಡು ಬಂದಿದ್ರು?"

"ಐದರಲ್ಲಿ ಉಳಿದಿದ್ದೆಷ್ಟು?"

ಅತ್ತೆ ಬಾಗಿಲ ಕಡೆ ನೋಡಿದಳು. ಉಳಿದ ಇಬ್ಬರು ಗಂಡುಮಕ್ಕಳೂ ಅಲ್ಲೇ ನಿಂತಿದ್ದರು.

ದರ್ಜಿ ಕತ್ತರಿ ಕೆಳಗಿಟ್ಟ. "ದುಡಿಯೋ ಮೈಗೆ ಹಾಲು ಬೇಕು ತಾಯಿ. ಐದು ಜನಕ್ಕೆ ಹಂಚಿದ್ರೆ ಯಾರ ಗಂಟಲೂ ನೆನೆಯಲ್ಲ. ಲೆಕ್ಕವೂ ಸರಿಹೋಗಲ್ಲ."

"ಐದಲ್ಲ ಯಜಮಾನ್ರೇ, ಆರು. ಹೊಟ್ಟೆಯೊಳಗಿರೋದನ್ನ ಬಿಟ್ರಿ. ಒಂದೂವರೆಯನ್ನ ಕಾಲು ಕಾಲು ಮಾಡಿ ನೋಡಿ, ಆರೂ ಸರಿಯಾಗಿ ಬರುತ್ತೆ."

ಬರುತ್ತದೆಂದು ಮುದುಕನಿಗೆ ಆಗಲೇ ಗೊತ್ತಾಗಿತ್ತು. "ಹುಟ್ಟದೇ ಇರೋದಕ್ಕೂ ಪಾಲಾ? ನಾಳೆ ನೆರಳಿಗೂ ಅಂಗಿ ಹೊಲಿ ಅಂತೀರಿ," ಎಂದ. ಚಿಕ್ಕ ಮಗ ನಕ್ಕ. ದೊಡ್ಡವನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, "ನೋಡೋಣ," ಎಂದ.

ದಾದಿ ಸೊಸೆಯ ಕೈ ಹಿಡಿದುಕೊಂಡಳು. "ಇವರು ನೋಡ್ತಾನೇ ಇರ್ತಾರೆ. ಹೀಗೇ ಆದ್ರೆ ಈ ಸಲ ಮಗು ಒಂದೇ ಹೋಗಲ್ಲ ಕಣಮ್ಮಾ."

ಮರುದಿನ ಬೆಳಗ್ಗೆ ಹಾಲು ಕಾಯುತ್ತಿದ್ದಂತೆ ಸೊಸೆ ಬಂದು ಗಂಡಸರ ಪಕ್ಕದಲ್ಲಿ ಕೂತಳು.

"ಏಳಮ್ಮಾ, ಇದೇನು ಹೊಸ ರೀತಿ?" ಎಂದ ಮಾವ.

"ಏಳಲ್ಲ ಮಾವ. ಒಂದನ್ನ ಮಣ್ಣಿಗೆ ಕೊಟ್ಟಾಯ್ತು. ನನ್ನದು, ಇದರದು, ಎರಡು ಪಾಲು ಕೊಡಿ. ಕುಡಿದು ಏಳ್ತೀನಿ."

ಎಲ್ಲರೂ ಅತ್ತೆಯ ಕಡೆ ನೋಡಿದರು. ಅವಳು ಒಲೆಯ ಮೇಲಿನ ಹಾಲು ಇಳಿಸಿದಳು. ಆಮೇಲೆ ಕಾಲು ಲೀಟರಿನ ಅಳತೆ ಕೈಗೆತ್ತಿಕೊಂಡಳು. ಗಂಡನಿಗೆ ಒಂದು, ಮಕ್ಕಳಿಗೆ ಒಂದೊಂದು. ಮೂರು ಲೋಟವೂ ಅರ್ಧಕ್ಕೆ ನಿಂತವು. ಸೊಸೆಗೆ ಎರಡು.

ಮುದುಕ ಪಾತ್ರೆಯೊಳಗೆ ಇಣುಕಿ ಲೋಟ ಚಾಚಿದ. "ಉಳಿದಿದೆಯಲ್ಲ, ಹಾಕು."

ಅತ್ತೆ ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡು, ಗಂಡಸರ ಎದುರಿಗೇ ಕೂತಳು.

"ಅದು ಉಳಿದದ್ದಲ್ಲ," ಎಂದಳು. "ನನ್ನ ಪಾಲು."