ಒರೆಸಿಹೋದ ಹತ್ತನೆಯ ಗಿರಾಕಿ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಭಾವನವರು ಆನ್‌ಲೈನಿನಲ್ಲಿ ಒಂದು ಕತ್ತರಿ ಕೊಂಡರು. ಕುಟುಂಬದ ಚರಿತ್ರೆಯಲ್ಲಿ ಇದನ್ನು ವೇಳೆ ಸಮೇತ ನಮೂದಿಸುವುದು ಅನಿವಾರ್ಯ.

ಕತ್ತರಿ ಅವರ ಹೆಂಡತಿಯ ಚಿಕ್ಕಮ್ಮನಿಗೆ. ಆದರೆ ಮನೆಮಂದಿಯಲ್ಲಿ ಯಾರು ಏನೇ ಕೊಂಡರೂ ಭಾವನ ಕಂಪ್ಯೂಟರಿನಿಂದಲೇ. ಉಳಿದವರೆಲ್ಲ ಮೋಸಹೋಗುವವರೆಂದು ಅವರೇ ತೀರ್ಮಾನಿಸಿದ್ದರು. ಅಂಗಡಿಯ ಲಿಂಕು ಕಳಿಸಿದವಳು ಅವರ ನಾದಿನಿ. ಅವಳು ದರ್ಜಿ. ಅವಳ ಹಳೆಯ ಯಂತ್ರ ನಾಲ್ಕು ಹೊಲಿಗೆಗೊಂದನ್ನು ನುಂಗುತ್ತಿತ್ತು. ತಮ್ಮ ಲಿಂಕಿನಿಂದ ತಿಂಗಳೊಳಗೆ ಹತ್ತು ಗಿರಾಕಿಗಳನ್ನು ಕರೆತಂದವರಿಗೆ ಹೊಲಿಗೆ ಸಾಮಾನಿನ ಅಂಗಡಿ ಹೊಸ ಯಂತ್ರ ಕೊಡುತ್ತಿತ್ತು. ಒಂಬತ್ತಾಗಿತ್ತು. ಅಂದೇ ಕಡೆಯ ದಿನ.

ಮಧ್ಯಾಹ್ನವಾದರೂ ಒಂಬತ್ತು ಅಲುಗಲಿಲ್ಲ. ಅವಳು ಕೊರಳಲ್ಲಿ ಟೇಪು ಇದ್ದಂತೆಯೇ ಬಂದಳು.

“ಭಾವ, ನನ್ನ ಲಿಂಕ್ ಒತ್ತಿದ್ರಾ?”

“ಒತ್ತದೆ ಏನಮ್ಮಾ! ಒತ್ತಿ, ಕತ್ತರಿ ನೋಡಿ, ಆಮೇಲೆ ಎಲ್ಲಾ ಒರೆಸಿ, ಅಂಗಡಿ ಹೆಸರು ನಾನೇ ಟೈಪ್ ಮಾಡಿ ಕೊಂಡೆ.”

“ಏನು ಒರೆಸಿದ್ರಿ?”

“ಬ್ರೌಸರು. ದುಡ್ಡು ಕಟ್ಟೋ ಮುಂಚೆ ದಿನಾ ಒರೆಸ್ತೀನಿ. ಊಟಕ್ಕೆ ಮುಂಚೆ ಕೈ ತೊಳೆಯಲ್ವಾ?”

“ಅಳಿಯಂದಿರದ್ದು ತುಂಬಾ ಶುದ್ಧ ಕಣೇ,” ಎಂದರು ಚಿಕ್ಕಮ್ಮ. ಹೊಗಳಿದರೋ ತಿವಿದರೋ ತಿಳಿಯಲಿಲ್ಲ.

ಅಂಗಡಿಗೆ ಫೋನು ಹೋಯಿತು. ಲಿಂಕು ಒತ್ತಿದಾಗ ಬ್ರೌಸರಿನಲ್ಲಿ ಒಂದು ಗುರುತು ಉಳಿಯುತ್ತದೆ, ಅದನ್ನು ನೋಡಿಯೇ ಗಿರಾಕಿಯನ್ನು ಕಳಿಸಿದವರು ಯಾರೆಂದು ಹೇಳುವುದು, ಒರೆಸಿದರೆ ಗಿರಾಕಿ ತಾನಾಗಿಯೇ ಬಂದಂತೆ ಎಂದು ಆ ಕಡೆಯ ಹುಡುಗಿ ವಿವರಿಸಿದಳು. ಆದ ಖರೀದಿಗೆ ಏನೂ ಮಾಡಲಾಗದು. ಆದರೆ ದರ್ಜಿಗೆ ಕೊಟ್ಟ ಆರಕ್ಷರದ ಕೋಡನ್ನು ಹಣ ಕಟ್ಟುವಾಗ ಬರೆದರೆ ಒರೆಸಿದರೂ ನಡೆಯುತ್ತದೆ, ಲೆಕ್ಕಕ್ಕೆ ಬರುತ್ತದೆ.

“ಈ ಕೋಡ್ ಮೊದಲೇ ಇತ್ತಾ?” ಭಾವ ಕೇಳಿದರು.

“ಇತ್ತು. ಲಿಂಕ್ ಒಂದು ಸಾಕು ಅಂದ್ಕೊಂಡಿದ್ದೆ. ನಿಮ್ಮ ಮಡಿ ಮರೆತಿದ್ದೆ.”

“ಈಗ ಕೊಳ್ಳೋರು ಯಾರು? ನನಗೆ ಒಂದು ಕತ್ತರಿ ಸಾಕಪ್ಪ,” ಎಂದರು ಚಿಕ್ಕಮ್ಮ.

ಇಬ್ಬರೂ ಭಾವನನ್ನು ನೋಡಿದರು. ಜೀವಮಾನದಲ್ಲಿ ಸೂಜಿಗೆ ದಾರ ಪೋಣಿಸದ ಭಾವ ಕನ್ನಡಕ ಹಾಕಿಕೊಂಡು, ಬ್ರೌಸರು ಒರೆಸಿ, ಅಂಗಡಿಯಲ್ಲಿದ್ದ ಅತಿ ಅಗ್ಗದ ವಸ್ತುವಾದ ಒಂದು ಡಜನ್ ನೀಲಿ ಗುಂಡಿಗಳನ್ನು ಆರಿಸಿದರು. ನಾದಿನಿ ಕೋಡನ್ನು ಒಂದೊಂದೇ ಅಕ್ಷರವಾಗಿ ಹೇಳಿದಳು. ಅವರು ಪ್ರತಿ ಅಕ್ಷರವನ್ನೂ ಎರಡು ಸಲ ಹೇಳಿಸಿಕೊಂಡರು.

ನಾಲ್ಕೂವರೆಗೆ ಒಂಬತ್ತು ಹತ್ತಾಯಿತು. ಶುಕ್ರವಾರ ಯಂತ್ರ ಬಂತು.