ರೇಟು ಕೇಳದ ಗಿರಾಕಿ

ಕೊಳಾಯಪ್ಪ ಅನ್ನುವುದು ಅವನ ಹೆಸರಲ್ಲ. ಹತ್ತೊಂಬತ್ತು ವರ್ಷ ಅಂಗಡಿ ಅಂಗಡಿ ಅಲೆದು ನಲ್ಲಿ, ಪೈಪು, ಷವರು ಮಾರಿದವನಿಗೆ ಹಾರ್ಡ್‌ವೇರ್ ಅಂಗಡಿಯವರು ಸಲಿಗೆಯಿಂದ ಇಟ್ಟ ಹೆಸರು. ಕಂಪನಿಯೇನೋ ಒಂದು ದಿನ ಬಾಗಿಲು ಹಾಕಿಕೊಂಡು ಹೋಯಿತು, ಇವನಿಗೆ ಈ ಹೆಸರೊಂದು ಉಳಿಯಿತು. ಆಮೇಲೆ ಹದಿನಾಲ್ಕು ತಿಂಗಳಲ್ಲಿ ಹತ್ತು ಇಂಟರ್‌ವ್ಯೂ ಆದವು. ಹತ್ತೂ ಕಡೆ ನಗುನಗುತ್ತಾ ಹೇಳಿದ್ದು ಒಂದೇ ಮಾತು, “ತಿಳಿಸ್ತೀವಿ.” ಯಾವ ಜನ್ಮದಲ್ಲಿ ತಿಳಿಸುತ್ತಾರೋ, ಪುಣ್ಯಾತ್ಮರು!

ಇದು ಹನ್ನೊಂದನೆಯದು. ಇದೂ ಕೈಬಿಟ್ಟರೆ ಮುಂದೆ ದಾರಿಯಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಈಗ ಇರುವುದು ಹೆಂಡತಿಯ ಅಣ್ಣನ ಮನೆಯ ಮಹಡಿ ಕೋಣೆಯಲ್ಲಿ. ಅಣ್ಣನ ಮಗನಿಗೆ ಮದುವೆ ಗೊತ್ತಾಗಿದೆ, ತಿಂಗಳ ಕೊನೆಗೆ ಕೋಣೆ ಖಾಲಿಯಾಗಬೇಕು. ಅಣ್ಣ ಬಾಯಿಬಿಟ್ಟು ಹೇಳಿರಲಿಲ್ಲ, ಪಾಪ. ಅತ್ತಿಗೆ ಮಾತ್ರ ಎರಡು ಸಲ ಟೇಪು ತಂದು ಕಿಟಕಿಯ ಅಳತೆ ತೆಗೆದುಕೊಂಡು ಹೋಗಿದ್ದಳು. ಬಾಡಿಗೆಗೆ ಮನೆ ಹುಡುಕಿಕೊಂಡು ಹೋದಲ್ಲೆಲ್ಲ ಮೊದಲ ಪ್ರಶ್ನೆ, “ಎಷ್ಟು ಜನ?” ಎರಡನೆಯದು, “ಎಲ್ಲಿ ಕೆಲಸ?” ಎರಡನೆಯದು ಬರುವಷ್ಟರಲ್ಲಿ ಕೊಳಾಯಪ್ಪ ಚಪ್ಪಲಿ ಮೆಟ್ಟಿರುತ್ತಿದ್ದ. ಕೆಲಸವಿಲ್ಲದವನಿಗೆ ಮನೆ ಕೊಡುವಷ್ಟು ದೊಡ್ಡ ಮನಸ್ಸಿನವರು ಯಾರಿದ್ದಾರೆ ಹೇಳಿ.

ಈ ಕಂಪನಿಯವರು ಮೊದಲೇ ಬರೆದು ತಿಳಿಸಿದ್ದರು: ಹಳೆಯ ಗಿರಾಕಿಯೊಬ್ಬರ ನಂಬರ್ ತನ್ನಿ, ನಮ್ಮೆದುರಿಗೇ ಫೋನ್ ಮಾಡಿ ಐದು ನಿಮಿಷದಲ್ಲಿ ನಮ್ಮ ಮಾಲಿಗೆ ಆರ್ಡರ್ ಹಿಡಿಯಬೇಕು.

“ಯಾರಿಗೆ ಮಾಡ್ತೀರಿ?” ಎಂದು ಹಿಂದಿನ ದಿನ ಬೆಳಿಗ್ಗೆಯೇ ಶರ್ಟಿಗೆ ಇಸ್ತ್ರಿ ಹಾಕುತ್ತಾ ಹೆಂಡತಿ ಕೇಳಿದ್ದಳು.

“ಮಾರ್ಕೆಟ್ ಮೂಲೆ ಅಂಗಡಿ ಯಜಮಾನ್ರಿಗೆ.”

“ಆ ಜುಗ್ಗನಿಗಾ? ನಿಮ್ಮ ತಲೆ ತಿಂತಾರೆ ಅಂತಿದ್ರಿ?”

“ಜುಗ್ಗನ ಕೈಲಿ ಆರ್ಡರ್ ಬರೆಸಿದ್ರೇನೇ ಕಣೆ ನನ್ನ ಕಸುಬು ಗೊತ್ತಾಗೋದು.”

ಅವಳು ಕಾಲರ್ ತಿರುಗಿಸಿ ಇಸ್ತ್ರಿ ಒತ್ತಿದಳು.

ಕಂಪನಿಯ ಮೂರನೇ ಮಹಡಿಯ ಇಂಟರ್‌ವ್ಯೂ ಕೋಣೆಯಲ್ಲಿ ಇಬ್ಬರಿದ್ದರು. ನರೆಗೂದಲಿನ ಮ್ಯಾನೇಜರ್ ಹೆಂಗಸು ಒಬ್ಬರು, ಲ್ಯಾಪ್‌ಟಾಪ್ ಹಿಡಿದ ಯುವ ಆಫೀಸರ್ ಒಬ್ಬ. ಮೇಜಿನ ಮೇಲೆ ಫಳಫಳ ಹೊಳೆಯುವ ನಲ್ಲಿ. ಕೊಳಾಯಪ್ಪ ಅದನ್ನು ಕೈಗೆತ್ತಿಕೊಂಡು ತೂಗಿ ನೋಡಿದ, ಹಿಡಿಯನ್ನು ಒಮ್ಮೆ ತಿರುಗಿಸಿದ. ಒಳ್ಳೆಯ ಮಾಲು. ಇಂಥದ್ದನ್ನು ನಿದ್ದೆಗಣ್ಣಲ್ಲೂ ಮಾರಬಲ್ಲೆ ಎಂದು ಎಷ್ಟೋ ತಿಂಗಳ ಮೇಲೆ ಅವನಿಗೆ ಧೈರ್ಯ ಬಂತು.

“ಸ್ಪೀಕರ್ ಹಾಕಿ,” ಎಂದರು ಮ್ಯಾನೇಜರ್. ಆಫೀಸರ್ ಟೈಮರ್ ಒತ್ತಿದ.

“ಯಜಮಾನ್ರೆ, ನಮಸ್ಕಾರ. ಕೊಳಾಯಪ್ಪ.”

“ಹೇಳಪ್ಪ, ಚೆನ್ನಾಗಿದ್ದೀಯಾ?”

ಕೊಳಾಯಪ್ಪನಿಗೆ ಒಂದು ಥರ ಆಯಿತು. ಈ ಮಹಾನುಭಾವ ಹತ್ತೊಂಬತ್ತು ವರ್ಷದಲ್ಲಿ “ಮತ್ತೆ ಬಂದ್ಯಾ?” ಎನ್ನದೆ ಮಾತು ಶುರುಮಾಡಿದ್ದೇ ಇಲ್ಲ.

“ಹೊಸ ಕಂಪನಿ ನಲ್ಲಿ ಯಜಮಾನ್ರೆ. ಗಟ್ಟಿ ಹಿತ್ತಾಳೆ, ಏಳು ವರ್ಷ ಗ್ಯಾರಂಟಿ...”

“ಐವತ್ತು ಡಜನ್ ಕಳಿಸು.”

ಆಫೀಸರ್ ಕಣ್ಣರಳಿಸಿ, ಹೆಬ್ಬೆರಳೆತ್ತಿ ಶಹಬ್ಬಾಸ್ ಎಂದು ಸನ್ನೆ ಮಾಡಿದ. ಮ್ಯಾನೇಜರ್ ಮಾತ್ರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರೂ ಅಂಗಡಿ ಮೆಟ್ಟಿಲು ಸವೆಸಿಯೇ ಆ ಕುರ್ಚಿಗೆ ಬಂದವರು.

“ನಿಮ್ಮ ಯಜಮಾನ್ರು ರೇಟು ಕೇಳ್ಲೇ ಇಲ್ಲವಲ್ಲ?” ಎಂದರು ಮೆಲ್ಲಗೆ.

ಅವರು ಹೇಳುವ ಮೊದಲೇ ಕೊಳಾಯಪ್ಪನಿಗೆ ಗೊತ್ತಾಗಿತ್ತಲ್ಲ! ಒಂದು ಡಬ್ಬಿ ವಾಷರ್‌ಗೆ ಮುಕ್ಕಾಲು ಗಂಟೆ ಚೌಕಾಸಿ ಮಾಡಿ, ಹೋಗಯ್ಯ ಆಚೆ ಎಂದು ಅಟ್ಟಿ, ಮತ್ತೆ ಬೀದಿಯಿಂದ ಕೂಗಿ ಕರೆದು ಇನ್ನೆರಡು ರೂಪಾಯಿ ಇಳಿಸಿಕೊಂಡ ಮನುಷ್ಯ ಅದು.

“ಯಜಮಾನ್ರೆ, ರೇಟು ಕೇಳ್ಲಿಲ್ಲ ನೀವು.”

“ನೀನು ಹೇಳಿದ್ದೇ ರೇಟು.”

“ಡಿಸ್ಕೌಂಟು?”

“ಬೇಡ ಬಿಡು.”

“ಬೇಡ್ವಾ!” ಕೊಳಾಯಪ್ಪನ ದನಿ ಕೀರಲಾಯಿತು. ಮಾರುವವನು ಕೊಳ್ಳುವವನಿಗೆ ಚೌಕಾಸಿ ಮಾಡು ಎಂದು ಗೋಗರೆಯುವುದನ್ನು ಯಾರಾದರೂ ಕಂಡಿದ್ದೀರಾ? ಆ ದಿನ ಆ ಕೋಣೆಯಲ್ಲಿ ಅದೂ ನಡೆಯಿತು. “ತಿಂಗಳಿಗೆ ಹತ್ತು ಡಜನ್ ಹೋದ್ರೆ ಹೆಚ್ಚು ನಿಮ್ಮಲ್ಲಿ. ಐವತ್ತು ಡಜನ್ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀರಾ? ಹತ್ತೇ ತಗೊಳ್ಳಿ. ಸೋರಿದ್ರೆ ಯಾರು ಹೊಣೆ ಅಂತ ಕೇಳಿ. ಬೈಯಿರಿ ಯಜಮಾನ್ರೆ, ನಿಮ್ಮ ದಮ್ಮಯ್ಯ, ಮೊದಲಿನ ಹಾಗೆ ಒಂದ್ಸಲ ಬೈಯಿರಿ!”

ಆ ಕಡೆ ಅಂಗಡಿಯಲ್ಲಿ ಯಾರೋ ಪೈಪು ಕೊಯ್ಯುವ ಸದ್ದು ಕೇಳಿತು.

“ಹೇಗಯ್ಯಾ ಬೈಲಿ? ನಿನ್ನೆ ನಿನ್ನ ಹೆಂಡ್ತಿ ಬಂದಿದ್ಲು. ಅಷ್ಟು ಜನದ ಮುಂದೆ ಆ ತಾಯಿ ಕೈಮುಗಿದು ನಿಂತ್ಲು. ನಾಳೆ ಅವರು ಫೋನ್ ಮಾಡ್ತಾರೆ, ದಯವಿಟ್ಟು ಇಲ್ಲ ಅನ್ಬೇಡಿ ಅಂದ್ಲು. ನಂದೇನು ಕಲ್ಲಿನ ಎದೆನಾ?” ಆಮೇಲೆ ಯಜಮಾನರು ದನಿ ತಗ್ಗಿಸಿ, ಗುಟ್ಟು ಹೇಳುವವರಂತೆ, ಇಡೀ ಕೋಣೆಗೆ ಕೇಳುವಂತೆ ಹೇಳಿದರು: “ನೀನು ಬರ್ಕೊ. ಮೊದ್ಲು ಕೆಲಸ ಆಗ್ಲಿ. ನಾಲ್ಕು ದಿನ ಬಿಟ್ಟು ಕ್ಯಾನ್ಸಲ್ ಮಾಡ್ತೀನಿ. ಆ ಕಂಪನಿಯೋರಿಗೆ ಏನ್ ಗೊತ್ತಾಗುತ್ತೆ?”

ಕಾಲ್ ಕಟ್ ಮಾಡಿದ್ದು ಮ್ಯಾನೇಜರ್. ಕೊಳಾಯಪ್ಪ ಫೋನನ್ನು ಮತ್ತೆ ಕೈಗೆತ್ತಿಕೊಂಡ.

“ಇನ್ನೊಬ್ಬರಿಗೆ ಮಾಡ್ತೀನಿ ಮೇಡಂ. ಇನ್ನೂ ಟೈಮಿದೆ ನೋಡಿ, ಒಂದೂವರೆ ನಿಮಿಷ ಇದೆ. ಒಂದೇ ಒಂದು ಅವಕಾಶ ಕೊಡಿ.”

“ಮಾಡಿ,” ಎಂದರು ಆಕೆ. ಕೆಟ್ಟವರೇನಲ್ಲ.

ಅವನು ಫೋನ್ ತೆರೆದ. ಪೇಂಟ್ ಅಂಗಡಿ ಸೇಠು. ಸಿಮೆಂಟ್ ಗೋಡೌನಿನ ಅಣ್ಣ. ಸ್ಯಾನಿಟರಿ ಅಂಗಡಿಯ ಅಕ್ಕ. ಒಂದೊಂದು ಹೆಸರಿನ ಮೇಲೂ ಬೆರಳು ನಿಲ್ಲುತ್ತಿತ್ತು. ಇವರ ಹತ್ತಿರವೂ ಹೋಗಿದ್ದಳೋ ಏನೋ! ಇಲ್ಲಿಯೂ ಕೈಮುಗಿದಿದ್ದಳೋ ಏನೋ! ಟೈಮರ್ ಕೂಗಿದಾಗಲೂ ಅವನು ಹೆಸರು ಸರಿಸುತ್ತಲೇ ಇದ್ದ.

“ನಿಮ್ಮ ಗಿರಾಕಿಗೆ ನಿಮ್ಮ ಮೇಲೆ ಪ್ರೀತಿ ಇದೆ, ಅದ್ರಲ್ಲಿ ಎರಡು ಮಾತಿಲ್ಲ,” ಎಂದರು ಮ್ಯಾನೇಜರ್, ಕನ್ನಡಕ ಹಾಕಿಕೊಳ್ಳುತ್ತಾ. “ತಿಳಿಸ್ತೀವಿ.”

ಕೆಳಗೆ, ವಾಚ್‌ಮನ್ ಕುರ್ಚಿಯ ಪಕ್ಕ ಹೆಂಡತಿ ನಿಂತಿದ್ದಳು. ಇವನ ಮುಖ ನೋಡಿದವಳೇ ನೀರಿನ ಬಾಟಲಿ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

“ಯಾರು ಹೋಗು ಅಂದ್ರು ನಿನಗೆ? ಹತ್ತೊಂಬತ್ತು ವರ್ಷ ಆ ಅಂಗಡೀಲಿ ತಲೆ ಎತ್ತಿ ನಿಂತಿದ್ದೆ ಕಣೆ ನಾನು. ಒಂದೇ ದಿನದಲ್ಲಿ ನನ್ನ ಮಾನ ಮೂರಾಬಟ್ಟೆ ಮಾಡಿಬಿಟ್ಟೆಯಲ್ಲ!”

ವಾಚ್‌ಮನ್ ಎದ್ದು ಗೇಟಿನ ಕಡೆ ಹೋದ. ಅವಳು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡಳು.

“ಅವರು ಆರ್ಡರ್ ಕೊಡ್ಲಿಲ್ವಾ?”

“ಕೊಟ್ರು. ಐವತ್ತು ಡಜನ್ ಕೊಟ್ರು. ಚೌಕಾಸಿನೇ ಮಾಡ್ದೆ ಕೊಟ್ರು. ಅದಕ್ಕೇ ಸಿಕ್ಕಿಬಿದ್ದೆ.” ಹೇಳುತ್ತಾ ಹೇಳುತ್ತಾ ಅವನು ಮೆಟ್ಟಿಲ ಮೇಲೆ ಕುಸಿದು ಕುಳಿತುಬಿಟ್ಟ.

ಅವಳು ಪಕ್ಕದಲ್ಲಿ ಕುಳಿತಳು. ಅಂಗೈಯಿಂದ ಕಣ್ಣೊರೆಸಿಕೊಂಡಳು.

“ನನಗೇನ್ರೀ ಗೊತ್ತು ನಿಮ್ಮ ವ್ಯಾಪಾರದ್ದು? ಮುಂದಿನ ಸಲ ಯಾರಿಗೆ ಫೋನ್ ಮಾಡ್ತೀರಿ ಅಂತ ಈಗ್ಲೇ ಹೇಳಿ. ಚೌಕಾಸಿ ಮಾಡಿ ಅಂತಾನೂ ಕೇಳ್ಕೊಂಡು ಬರ್ತೀನಿ.”